ಒಂಟಿ ನಿಲ್ಲದ ಧಾತು

ಏಣಿ ಹೋಗಿತ್ತು. ಸಿದ್ದಮಲ್ಲಪ್ಪ ಅಟ್ಟದ ಬಾಯಿಯಿಂದ ಕತ್ತು ಚಾಚಿ ಮತ್ತೊಮ್ಮೆ ನೋಡಿದ. ಉಗ್ರಾಣದ ಗೋಡೆಗೆ ಒರಗಿದ್ದ ಬಿದಿರೇಣಿ ಅಲ್ಲಿರಲಿಲ್ಲ. ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಲೆಂದು ಜೋಗಯ್ಯ ಹೊತ್ತುಕೊಂಡು ಹೋಗಿರಬೇಕು. ಮಾವನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಳ್ಳುವ ಜೋಗಯ್ಯ ಯಾವುದನ್ನೂ ಅವಸರದಲ್ಲಿ ಮಾಡಿದ ಮನುಷ್ಯನಲ್ಲ. ಇವತ್ತೇ ಅವನಿಗೆ ಚುರುಕು ಬಂದಿತ್ತು. ಹೀಗಾಗಿ ಹುಣಸೂರಿನ ಪ್ರೌಢಶಾಲೆಯೊಂದರ ಇಂಗ್ಲಿಷ್ ಮೇಷ್ಟ್ರು, ಬಿ.ಎ., ಬಿ.ಇಡಿ., ಭಾನುವಾರದ ಬೆಳಗ್ಗೆ, ಹೊಗೆಸೊಪ್ಪಿನ ಕಂತೆಗಳ ನಡುವೆ, ಇಳಿಯುವ ದಾರಿಯಿಲ್ಲದೆ ಬೋರಲು ಮಲಗಿದ್ದ. ಮನೆಯವರ ಲೆಕ್ಕದಲ್ಲಿ ಅವನು ಈಗ ಕೆ.ಆರ್. ನಗರದ ಬಸ್ಸಿನಲ್ಲಿದ್ದ. ಬೆಳಗ್ಗೆ ಕೈಚೀಲ ಹಿಡಿದು ಮುಂಬಾಗಿಲಿನಿಂದಲೇ ಹೊರಟಿದ್ದ. ಅತ್ತೆ ಶಿವರುದ್ರಮ್ಮ ದಾರಿಗೆಂದು ಮೊಸರನ್ನ ಕಟ್ಟಿಕೊಟ್ಟಿದ್ದರು. ಬೀದಿಯ ಕೊನೆಯವರೆಗೆ ಹೋಗಿ, ಕೆರೆಯ ಕಡೆಯಿಂದ ಸುತ್ತಿ, ಹಿತ್ತಿಲ ಕೊಟ್ಟಿಗೆಯಿಂದ ನುಸುಳಿ, ಅಟ್ಟ ಹತ್ತಿದವನಿಗೆ ಹತ್ತುವಾಗ ನಗು ಬಂದಿತ್ತು. ಈಗ ಅದೇ ಮೊಸರನ್ನ ತಿನ್ನುವಾಗ ಅತ್ತೆಯ ಮುಖ ನೆನಪಾಗಿ ನಾಚಿಕೆಯಾಯಿತು. ನಾಚಿಕೆಯಾದರೂ ಅನ್ನ ಪೂರ್ತಿ ತಿಂದ.

ಇಷ್ಟೆಲ್ಲ ಒಂದು ಹೆಸರಿಗಾಗಿ, ಅದೂ ಅವನದೇ ಹೆಸರಿಗಾಗಿ. ಅಟ್ಟದ ಹಲಗೆಗಳ ಸಂದಿನಿಂದ ನಡುಮನೆ ಕಾಣುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿ ಹೆಂಡತಿಯ ತಂಗಿಗೆ ಸೀಮಂತ. ಬಳೆ ತೊಡಿಸಿ ಆರತಿ ಎತ್ತಿದ ಮೇಲೆ ಮುತ್ತೈದೆಯರು ಒಬ್ಬೊಬ್ಬರಾಗಿ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಹೇಳದಿದ್ದರೆ ಬಿಡುವವರಿಲ್ಲ. ಮದುವೆಯಾಗಿ ಇಷ್ಟು ವರ್ಷ ಹೆಂಡತಿ ಮಂಗಳಗೌರಿಯ ಬಾಯಲ್ಲಿ ಬಾರದ ಹೆಸರು, ಪ್ರಾಸದ ನಡುವೆ ಸಿಕ್ಕಿಕೊಂಡಾದರೂ ಇವತ್ತು ಬಂದೇ ಬರುತ್ತದೆ ಎಂದು ಅವನು ಅಲ್ಲಿ ಕಾದಿದ್ದ.

ಇದಕ್ಕೆಲ್ಲ ಕಾರಣ ಆ ಹಾಳು ಲ್ಯಾಟಿನ್. ಮೈಸೂರಿನಲ್ಲಿ ಓದುವಾಗ ಫುಟ್‌ಪಾತಿನಲ್ಲಿ ಯಾರೋ ಪಾದ್ರಿಯ ಹಳೆಯ ಲ್ಯಾಟಿನ್ ವ್ಯಾಕರಣ ಸಿಕ್ಕಿತ್ತು, ಗೆದ್ದಲು ತಿಂದು ಉಳಿಸಿದಷ್ಟು. ಉಳಿದದ್ದರಲ್ಲಿ ಕೆಲವು ಕ್ರಿಯಾಧಾತುಗಳ ವಿಷಯ ಬಂದಿತ್ತು. ಅವು ಆ ಭಾಷೆಯಲ್ಲಿ ಇವೆ, ಆದರೆ ಒಂಟಿಯಾಗಿ ಎಲ್ಲೂ ಸಿಗುವುದಿಲ್ಲ. ಫೆಂಡೊ ಎಂದರೆ ಹೊಡೆ. ಆದರೆ ಫೆಂಡೊ ಎಂದು ಯಾವ ರೋಮನನೂ ಬರೆದಿಟ್ಟು ಹೋಗಲಿಲ್ಲ. ಮುಂದೆ ಒಂದು ಉಪಸರ್ಗ ಅಂಟಿಸಿಕೊಂಡರೆ ಡಿಫೆಂಡೊ ಎಂದು ರಕ್ಷಣೆಗೆ ನಿಲ್ಲುತ್ತದೆ, ಇನ್ನೊಂದನ್ನು ಅಂಟಿಸಿಕೊಂಡರೆ ಆಫೆಂಡೊ ಎಂದು ನೋಯಿಸಿ ಬರುತ್ತದೆ. ತಾನೇ ತಾನಾಗಿ ಮಾತ್ರ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ತುಂಬು ಎನ್ನುವ ಪ್ಲೆಯೊ ಹಾಗೇ, ಹೊತ್ತಿಸು ಎನ್ನುವ ಕಾಂಡೊ ಹಾಗೇ. ತರಗತಿಯಲ್ಲಿ ಅವನು ಕಂಪ್ಲೀಟ್ ಎಂದು ಬರೆದು, ಕಂ ಅಳಿಸಿ, ‘ಈಗ ಉಳಿದದ್ದು ಏನು, ಇದನ್ನು ಯಾರಾದರೂ ಬೀದಿಯಲ್ಲಿ ಕಂಡಿದ್ದೀರಾ?’ ಎಂದು ಕೇಳುವಾಗ ಅವನ ಕಣ್ಣಿನಲ್ಲಿ ನೀರೇ ಬರುತ್ತಿತ್ತು. ಹಿಂದಿನ ವಾರ ಹೆಡ್‌ಮಾಸ್ಟರ್ ವೀರಭದ್ರಸ್ವಾಮಿಗಳು ಕಿಟಕಿಯಲ್ಲಿ ನಿಂತು ಇದನ್ನು ಕೇಳಿಸಿಕೊಂಡು, ಹುಡುಗರ ಎದುರಿಗೇ, ‘ಸತ್ತವರ ಭಾಷೆ ಸಾಕು ಮೇಷ್ಟ್ರೇ, ಬದುಕಿರೋ ಪೋರ್ಷನ್ ಮುಗಿಸಿ’ ಅಂದಿದ್ದರು. ಹುಡುಗರು ನಕ್ಕಿದ್ದರು. ಅವನೂ ನಕ್ಕಿದ್ದ, ನಗದಿದ್ದರೆ ಇನ್ನೂ ಅವಮಾನವಾಗುತ್ತದೆ ಎಂದು.

ಅವತ್ತು ಸಂಜೆ ಕ್ಷೌರಕ್ಕೆ ಕೂತಾಗ ಅಂಗಡಿಯವನು, ಸಣ್ಣಬೀರಯ್ಯ, ‘ಅಳಿಯಂದ್ರೇ, ಮೀಸೆ ಸಣ್ಣ ಮಾಡ್ಲಾ?’ ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಸಣ್ಣಬೀರಯ್ಯ ಯಾವ ಲೆಕ್ಕದಲ್ಲಿ ತನಗೆ ಮಾವ? ಹೊಗೆಸೊಪ್ಪಿನ ಚನ್ನಬಸವಣ್ಣನವರು ಊರಿಗೆ ದೊಡ್ಡವರು, ಗಂಡುಮಕ್ಕಳಿಲ್ಲದ್ದರಿಂದ ಸಾಲಿಗ್ರಾಮದ ಕಡೆಯಿಂದ ಓದಿದ ಹುಡುಗನನ್ನು ತಂದು ಮನೆ ಅಳಿಯನನ್ನಾಗಿ ಮಾಡಿಕೊಂಡರು. ಅವರಿಗೆ ಅಳಿಯನಾದರೆ ಸಾಲದೆ ಇಡೀ ಹುಣಸೂರಿಗೆ ಅಳಿಯನಾಗಬೇಕಾಯಿತು. ಬಸ್ ಕಂಡಕ್ಟರು ‘ಚನ್ನಬಸವಣ್ಣೋರ ಅಳಿಯಂದ್ರು ಹತ್ತುತವ್ರೆ, ತಡೀಲಾ’ ಎಂದು ಡ್ರೈವರನಿಗೆ ಕೂಗುತ್ತಾನೆ. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಅತ್ತೆಯ ಬಾಯಲ್ಲಿ ‘ನಮ್ಮ ಗೌರಿ ಮನೆಯವ್ರು’. ಸಿದ್ದಮಲ್ಲಪ್ಪ ಎನ್ನುವವನು ಈ ಊರಿಗೆ ಬಂದೇ ಇಲ್ಲ. ಬಂದದ್ದು ಯಾರದೋ ಏನೋ ಒಂದು. ಸಿದ್ಮಲ್ಲಾ ಎಂದು ಹೊಲದ ಬದುವಿನಿಂದ ಕೂಗುತ್ತಿದ್ದ ಅವ್ವ ಸತ್ತು ಬಹಳ ಕಾಲವಾಯಿತು. ಆ ಕೂಗಿಗೆ ಸಿಟ್ಟಾಗಿ ಉತ್ತರ ಕೊಡದೆ ಹುಣಸೆಮರದ ಹಿಂದೆ ಅವಿತು ಕೂರುತ್ತಿದ್ದದ್ದು ನೆನಪಾಯಿತು. ಕನ್ನಡಿಯಲ್ಲಿ ಸಣ್ಣಬೀರಯ್ಯ ಕತ್ತರಿ ಎತ್ತಿ ಕಾಯುತ್ತಿದ್ದ. ನಾನು ಫೆಂಡೊ ಎಂದು ಸಿದ್ದಮಲ್ಲಪ್ಪನಿಗೆ ಹೊಳೆಯಿತು. ‘ಹೇಗಾದರೂ ಮಾಡಪ್ಪ’ ಎಂದ. ಸಣ್ಣಬೀರಯ್ಯ ಮೀಸೆಯನ್ನು ಹೇಗಾದರೂ ಮಾಡಿದ.

ಹೊಳೆದ ಮೇಲೆ ಸುಮ್ಮನಿರಲಾಗಲಿಲ್ಲ. ಮರುದಿನ ಅಭ್ಯಂಜನ. ಬಚ್ಚಲಲ್ಲಿ ಮಣೆಯ ಮೇಲೆ ಅವನು, ತಲೆಗೆ ಹರಳೆಣ್ಣೆ, ಕಣ್ಣು ಮುಚ್ಚಿಕೊಂಡು. ಹಿಂದೆ ಹಂಡೆಯ ಪಕ್ಕ ಸೆರಗು ಸಿಕ್ಕಿಸಿಕೊಂಡ ಮಂಗಳಗೌರಿ. ಮುಖ ಕಾಣದ್ದರಿಂದ ಧೈರ್ಯ ಬಂದು ಕೇಳಿಯೇಬಿಟ್ಟ.

‘ನೋಡಿಲ್ಲಿ, ನನ್ನ ಹೆಸರು ಹೇಳು ಒಂದ್ಸಲ.’

‘ಯಾಕೆ, ಮರ್ತೋಯ್ತಾ?’

‘ತಮಾಷೆ ಅಲ್ಲ. ಹಿಂದೆ ಮುಂದೆ ಏನೂ ಸೇರಿಸ್ಬೇಡ. ಬರೀ ಹೆಸರು.’

‘ಬುಡ್ತು ಅನ್ನಿ. ಗಂಡನ ಹೆಸ್ರು ಕೂಗಿದ್ರೆ ಆಯಸ್ಸು ಕಮ್ಮಿ ಆಗ್ತದೆ.’

‘ಯಾರ ಆಯಸ್ಸು?’

‘ನಿಮ್ದು ಕಣ್ರೀ, ಇನ್ಯಾರ್ದು!’

‘ಕಮ್ಮಿಯಾಗೋದು ನಂದು ತಾನೆ, ಆಗ್ಲಿ ಬಿಡು’ ಎಂದು ಬಾಯಿ ತೆರೆದಾಗಲೇ ಅವಳು ಒಂದು ಚೊಂಬು ಬಿಸಿನೀರನ್ನು ನೆತ್ತಿಯ ಮೇಲೆ ಸುರಿದಳು. ಬಾಯಿಗೆ ಸೀಗೆಪುಡಿ ಹೋಯಿತು. ಅವನು ಕೆಮ್ಮುತ್ತ, ಕಣ್ಣುರಿಯುತ್ತ, ಪ್ರೀತಿಯಿಲ್ಲದ ಹೆಂಗಸು ಎಂದುಕೊಂಡ. ಹಿಂದುಗಡೆಯಿಂದ ಬಂದದ್ದು ನಗುವೋ ಹಂಡೆಯ ಸದ್ದೋ ಗೊತ್ತಾಗಲಿಲ್ಲ. ಆಮೇಲೆ ಅವಳು ತಲೆ ಒರೆಸಿದ್ದು ಎಂದಿಗಿಂತ ಮೆತ್ತಗೆ. ಅದನ್ನು ಅವನು ಗಮನಿಸಲಿಲ್ಲ. ಅಟ್ಟದಲ್ಲಿ ಮಲಗಿ ಯೋಚಿಸುವಾಗ ಈಗ ನೆನಪಾಯಿತು.

ಕೆಳಗೆ ಹೆಂಗಸರು ತುಂಬಿಕೊಂಡರು. ಮೇಲಿನಿಂದ ಬರೀ ಬೈತಲೆಗಳು, ಮಲ್ಲಿಗೆ, ಹಸಿರು ಬಳೆಯ ರಾಶಿ. ಮುಖಗಳು ಕಾಣದಿದ್ದರೂ ದನಿಗಳಿಂದ ಗುರುತಾಗುತ್ತಿತ್ತು. ಮೊದಲು ಎದ್ದದ್ದು ಪೋಸ್ಟ್‌ಮಾಸ್ಟರರ ಹೆಂಡತಿ ಸುನಂದಮ್ಮ; ಊರಿನ ಯಾವ ಶಾಸ್ತ್ರವೂ ಆಕೆಯಿಲ್ಲದೆ ಶುರುವಾಗದು, ಆಕೆ ಸುಸ್ತಾಗದೆ ಮುಗಿಯದು. ‘ತಟ್ಟೆ ತುಂಬ ಮಲ್ಲಿಗೆ, ಬಟ್ಟಲ ತುಂಬ ಬೆಲ್ಲ, ನಮ್ಮ ಅಂಕಯ್ಯನೋರಿಲ್ದಿದ್ರೆ ಹುಣಸೂರ್ಗೆ ಕಾಗ್ದವೇ ಇಲ್ಲ’ ಎಂದು ರಾಗವಾಗಿ ಹೇಳಿ ಕೂತರು. ನಗೆಯೆದ್ದಿತು. ಆಮೇಲೆ ಹೆಡ್‌ಮಾಸ್ಟರರ ಹೆಂಡತಿ, ತೀರ ಮೆಲುದನಿಯ ಹೆಂಗಸು, ಬಹಳ ಹೊತ್ತು ಬೇಡಿಸಿಕೊಂಡು ಹೇಳಿದರು: ‘ಲಕ್ಷ್ಮಣತೀರ್ಥದಲ್ಲಿ ನೀರು, ಒಲೆ ಮೇಲೆ ಸಾರು, ವೀರಭದ್ರಸ್ವಾಮಿಗಳು ಗೊರಕೆಗೆ ಬಿದ್ರೆ ಎಬ್ಸೋರ್ ಯಾರು?’ ಸಿದ್ದಮಲ್ಲಪ್ಪ ಹಲಗೆಗೆ ಬಾಯಿ ಒತ್ತಿ ಹಿಡಿದ. ಸತ್ತವರ ಭಾಷೆ ಎಂದಿದ್ದ ಬಾಯಿ ರಾತ್ರಿಯೆಲ್ಲ ಏನು ಭಾಷೆ ಆಡುತ್ತದೆ ಎಂದು ತಿಳಿದದ್ದರಿಂದ ಅವನಿಗೆ ಆದ ಸಂತೋಷ ಸಣ್ಣದಲ್ಲ. ಇಷ್ಟಕ್ಕೇ ಅಟ್ಟ ಹತ್ತಿದ್ದು ಸಾರ್ಥಕವಾಯಿತು ಎಂದುಕೊಂಡ. ಅಷ್ಟರಲ್ಲಿ ಯಾರೋ ‘ಈಗ ಗೌರಿ, ಈಗ ಗೌರಿ’ ಎಂದರು. ಅವನ ನಗು ನಿಂತುಹೋಯಿತು.

ಅವಳು ಎದ್ದು ನಿಂತಳು. ನೇರ ಅವನ ಕೆಳಗೇ. ಬೈತಲೆಯ ಕುಂಕುಮ, ಕಿವಿಯ ಹಿಂದೆ ಒಂದು ನರೆ. ಇವಳಿಗೆ ನರೆ ಬಂದಿದೆಯೇ? ಪಕ್ಕದಲ್ಲೇ ಮಲಗುವವನಿಗೆ ಇದು ಅಟ್ಟ ಹತ್ತಿದ ಮೇಲೆ ಕಾಣಬೇಕಾಯಿತು. ಅವಳು ಒಡಪು ಶುರುಮಾಡಿದಳು: ‘ಕಂಚಿನ ದೀಪಕ್ಕೆ ಎಣ್ಣೆ, ರೊಟ್ಟಿ ಮೇಲೆ ಬೆಣ್ಣೆ, ನಮ್ಮಪ್ಪನ ಅಳಿಯಂದ್ರಿಗೆ ಪುಸ್ತಕ ಬಿಟ್ರೆ ಇನ್ನೇನೂ ಕಾಣೆ.’

ಅಪ್ಪನ ಅಳಿಯ! ಪ್ರಾಸದ ಒಳಗೂ ಅವನಿಗೆ ಜಾಗ ಕೊಡಲಿಲ್ಲ. ಕೆಳಗೆ ಸುನಂದಮ್ಮನೂ ಒಪ್ಪಲಿಲ್ಲ.

‘ಅದ್ಯಾವ ಸೀಮೆ ಒಡಪೇ? ಅಪ್ಪನ ಅಳಿಯ ಅನ್ನೋದು ಊರಿಗೇ ಗೊತ್ತು. ಹೆಸ್ರೇಳು.’

‘ಹೇಳಲ್ಲ ಕಣಕ್ಕ.’

‘ಯಾಕಮ್ಮಿ, ಆಯಸ್ಸು ಕಮ್ಮಿ ಆಯ್ತದೆ ಅಂತಲಾ? ನಾನು ವರ್ಷಕ್ಕೆ ಹತ್ತು ಸಲ ಹೇಳ್ತೀನಿ, ನಮ್ಮೆಜಮಾನ್ರು ಗುಂಡುಕಲ್ಲಂಗವ್ರೆ!’

‘ಅದಕ್ಕಲ್ಲ ಬುಡಕ್ಕ.’

‘ಮತ್ತಿನ್ಯಾಕೆ? ನಾಚ್ಕೆಗಾ?’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ‘ಇಷ್ಟು ಜನದ ಮುಂದೆ ಹೇಳಿದ್ರೆ ನಿಮ್ಗೂ ಒಂದೊಂದು ಪಾಲು ಹೋಯ್ತದೆ. ಅದು ನಂಗೊಬ್ಳಿಗೇ ಇರ್ಲಿ’ ಎಂದಳು. ಮತ್ತೆ, ಯಾರಿಗೂ ಅಲ್ಲವೆಂಬಂತೆ, ದನಿ ತಗ್ಗಿಸಿ: ‘ಅವ್ರು ಸ್ಕೂಲ್ಗೆ ಹೋದ್ಮೇಲೆ ಕದ ಹಾಕ್ಕಂಡು ಒಂದ್ಸಲ ಕರೀತೀನಿ. ದಿನಾ. ಬರೀ ಹೆಸ್ರು ಅಷ್ಟೆ. ಒಳ್ಗೆ ಯಾರೂ ಇರಲ್ಲ, ಯಾರೂ ಓ ಅನ್ನಲ್ಲ.’

ಸಿದ್ದಮಲ್ಲಪ್ಪ ಕಿವಿಯನ್ನು ಹಲಗೆಗೆ ಒತ್ತಿದ. ದಿನಾ! ಅವನು ಶಾಲೆಯಲ್ಲಿ ಹುಡುಗರ ಎದುರು ಕಂ ಅಳಿಸಿ ಕಣ್ಣೀರಿಡುತ್ತಿದ್ದಾಗ, ಎರಡು ಬೀದಿಯ ಆಚೆ, ಮುಚ್ಚಿದ ಕದದ ಹಿಂದೆ, ಅವನ ಹೆಸರು ಉಪಸರ್ಗವಿಲ್ಲದೆ, ಪ್ರತ್ಯಯವಿಲ್ಲದೆ, ಒಂಟಿಯಾಗಿ ನಿಂತಿತ್ತು. ಅದು ಯಾವ ಪುಸ್ತಕದಲ್ಲೂ ದಾಖಲಾಗದ ಪ್ರಯೋಗ. ರೋಮಿನ ಯಾವುದೋ ಅಡಿಗೆಮನೆಯಲ್ಲೂ ಯಾರೋ ಫೆಂಡೊ ಎಂದಿರಬಹುದು, ಬರೆದುಕೊಳ್ಳುವವರು ಮನೆಯಲ್ಲಿಲ್ಲದ ಹೊತ್ತು ನೋಡಿ. ಅವನಿಗೆ ಕುಣಿಯಬೇಕೆನಿಸಿತು. ಬೋರಲು ಮಲಗಿದವನು ಕುಣಿಯುವುದು ಹೇಗೆ? ಹೆಬ್ಬೆರಳು ಮಾತ್ರ ಆಡಿಸಿದ.

‘ಹೋಗಿ ಎದುರ್ಗೇ ಕರೆಯೇ, ಹುಚ್ಚಿ!’ ಎಂದರು ಸುನಂದಮ್ಮ. ಅವರ ದನಿ ಮೆತ್ತಗಾಗಿತ್ತು.

‘ಎದುರ್ಗೆ ಕರ್ಯಕ್ಕೆ ಅವ್ರಿಗೆ ನನ್ ಹೆಸ್ರು ಗೊತ್ತಾ? ಏಯ್, ಕೇಳಿಸ್ತಾ, ನೋಡಿಲ್ಲಿ. ಮದ್ವೆ ಆದಾಗ್ಲಿಂದ ನನ್ ಹೆಸ್ರು ನೋಡಿಲ್ಲಿ ಅಂತ್ಲೇ. ಹೆಸ್ರಿಲ್ದೋಳು ಹೆಸ್ರಿಟ್ಟು ಕರ್ಯದು ಎಂಗೆ ಹೇಳಿ.’

ಹೆಂಗಸರೆಲ್ಲ ಗೊಳ್ಳೆಂದರು, ಅವಳೂ ನಕ್ಕಳು. ಮೇಲೆ ಅವನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ನೆನಪಿಸಿಕೊಂಡು ನೋಡಿದ, ಮದುವೆಯ ಚಪ್ಪರದಿಂದ ಈ ಹೊತ್ತಿನವರೆಗೆ ಹುಡುಕಿದ. ಕಾಯಿಲೆ ಬಿದ್ದಾಗ, ಜಗಳವಾಡಿದಾಗ, ಮಗು ಉಳಿಯದೆ ಹೋದ ಆ ಬೆಳಗ್ಗೆ ಅವಳು ಗೋಡೆ ನೋಡುತ್ತ ಮಲಗಿದ್ದಾಗ, ಅವನು ಬಾಗಿಲಲ್ಲಿ ನಿಂತು ಅಂದದ್ದು ಅದನ್ನೇ: ನೋಡಿಲ್ಲಿ. ಅವಳು ನೋಡಿರಲಿಲ್ಲ. ತನ್ನ ಹೆಸರಿಗೆ ಅಂಟಿದ್ದನ್ನೆಲ್ಲ ಎಣಿಸಿ ಅತ್ತವನು, ಅಂಟಿಸಲು ಹೆಸರೇ ಇಲ್ಲದೆ ಪಕ್ಕದಲ್ಲೇ ನಿಂತವಳನ್ನು ಕಂಡಿರಲಿಲ್ಲ. ತುಟಿಯಲ್ಲಿ ಮಂಗಳಗೌರಿ ಎಂದು ಹೇಳಿ ನೋಡಲು ಉಸಿರೆಳೆದುಕೊಂಡ. ಎಳೆದುಕೊಂಡ ಉಸಿರಿನ ಜೊತೆ ಒಂದು ವರ್ಷದ ಹೊಗೆಸೊಪ್ಪಿನ ಧೂಳು ಒಳಗೆ ಹೋಯಿತು.

ಆ ಸೀನಿಗೆ ಅಟ್ಟದ ಹಲಗೆ ಅದುರಿತು. ಎರಡನೆಯದಕ್ಕೆ ಒಂದು ಕಂತೆ ಉರುಳಿ, ಸಂದಿನಿಂದ ಪುಡಿ ಸುರಿದು, ಆರತಿತಟ್ಟೆಯ ಮೇಲೆ ಬಿತ್ತು. ‘ಅಯ್ಯಯ್ಯೋ, ಕಾಡುಬೆಕ್ಕು!’ ಎಂದು ಯಾರೋ ಕಿರುಚಿದರು. ‘ಬೆಕ್ಕು ಸೀನ್ತದಾ? ಕಳ್ಳ ಕಣ್ರೇ!’ ಎಂದರು ಇನ್ಯಾರೋ. ಜೋಗಯ್ಯ ಈ ಸಲವೂ ಚುರುಕಾಗಿ, ಏಣಿಯನ್ನೂ ಒಂದು ಗಳುವನ್ನೂ ಹೊತ್ತು ಓಡಿಬಂದ. ಹಿಂದೆಯೇ ಮಾವ ಚನ್ನಬಸವಣ್ಣನವರು ಮೆಟ್ಟಿದ ಚಡಾವಿನ ಸದ್ದು. ಗಳುವಿನ ತುದಿ ಅಟ್ಟದ ಬಾಯಿಯಿಂದ ಒಳಗೆ ಬಂದು ಅವನ ಮೂಗಿನ ಮುಂದೆ ಅತ್ತಿತ್ತ ಆಡಿತು.

‘ಯಾರ್ಲಾ ಅದು ಮ್ಯಾಲೆ? ಬಾಯ್ಬುಡು, ಇಲ್ದಿದ್ರೆ ತಿವಿತೀನಿ!’

ಹುಣಸೂರು ಇಷ್ಟು ವರ್ಷದಲ್ಲಿ ಮೊದಲ ಸಲ, ಯಾರದು ಎಂದು, ಏನನ್ನೂ ಅಂಟಿಸದೆ ಅವನನ್ನು ಕೇಳಿತ್ತು. ಕೇಳಿ ಉತ್ತರಕ್ಕೆ ಕಾದಿತ್ತು. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಸಿದ್ದಮಲ್ಲಪ್ಪ ಬಾಯಿ ತೆರೆದ.

‘ನಾನೇ ಕಣೋ,’ ಎಂದ, ‘ಅಳಿಯ.’

ಏಣಿಯಿಂದ ಇಳಿಯುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಮಾವ ಕೆಳಗೆ ನಿಂತು, ಏಣಿಯನ್ನು ಭದ್ರವಾಗಿ ಹಿಡಿದುಕೊಂಡು, ಬಹಳ ಗೌರವದಿಂದಲೇ, ‘ಕೆ.ಆರ್. ನಗರ ಇಷ್ಟು ಮೇಲ್ಗಡೆ ಐತೆ ಅಂತ ನಂಗೊತ್ತೇ ಇರ್ಲಿಲ್ಲ ಅಳಿಯಂದ್ರೇ’ ಎಂದರು. ಸುನಂದಮ್ಮನ ನಗು ಬೀದಿಯವರೆಗೆ ಹೋಯಿತು. ಸಂಜೆಯೊಳಗೆ ಸುದ್ದಿ ಅಂಚೆಯ ಖರ್ಚಿಲ್ಲದೆ ಪಿರಿಯಾಪಟ್ಟಣ ಮುಟ್ಟುತ್ತದೆ ಎಂದು ಅವನಿಗೆ ಖಾತ್ರಿಯಾಯಿತು. ಹೆಡ್‌ಮಾಸ್ಟರರ ಹೆಂಡತಿ ಮಾತ್ರ ನಗದೆ ಬಿಳಿಚಿಕೊಂಡಿದ್ದರು, ಗೊರಕೆಯ ಒಡಪು ನೆನಪಾಗಿ. ಮಂಗಳಗೌರಿಯೂ ನಗಲಿಲ್ಲ. ಹತ್ತಿರ ಬಂದು ಅವನ ಭುಜದ ಮೇಲಿನ ಪುಡಿ ಕೊಡವಿದಳು. ಒಮ್ಮೆ ಕಣ್ಣೆತ್ತಿ ನೋಡಿದಳು; ಎಲ್ಲ ಕೇಳಿಸಿಕೊಂಡಿದ್ದಾನೆ ಎಂದು ಅವಳಿಗೆ ತಿಳಿದದ್ದು ಅವನಿಗೂ ತಿಳಿಯಿತು. ಕಾಲ ಗೊಲಸು ಕಳೆದುಕೊಂಡವಳ ಹಾಗೆ ಅವಳ ಮುಖ ಬರಿದಾಗಿತ್ತು. ಅದೊಂದೇ ಅವಳದು ಅಂತ ಇದ್ದದ್ದು, ಅದನ್ನೂ ಅಟ್ಟ ಹತ್ತಿ ಕದ್ದುಬಿಟ್ಟೆನಲ್ಲ ಎಂದು ಅವನು ಬೆವತ. ಕಳ್ಳ ಎಂದು ಕೂಗಿದ ಹೆಂಗಸು ಸರಿಯಾಗಿಯೇ ಕೂಗಿದ್ದಳು.

ಅವತ್ತು ಊಟಕ್ಕೆ ಕೂತಾಗ ಅವನು ಹೇಳಲು ನೋಡಿದ. ಅವಳು ಬಡಿಸುತ್ತಿದ್ದಳು, ಬಗ್ಗಿದ್ದಳು, ಹತ್ತಿರವೇ ಇದ್ದಳು. ನೋಡಿಲ್ಲಿ ಎನ್ನುವುದು ಅಭ್ಯಾಸಬಲದಿಂದ ಗಂಟಲಿಗೆ ಬಂತು, ನುಂಗಿಕೊಂಡ. ‘ಮಂ...’ ಎಂದ. ಅವಳು ಕೈ ತಡೆದು ನಿಂತಳು. ಎದುರು ಸಾಲಿನಲ್ಲಿ ಮಾವ, ಅವರ ಪಕ್ಕ ಬೀಗರು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ‘ಮ... ಮಜ್ಜಿಗೆ’ ಎಂದ. ಅನ್ನ ಇನ್ನೂ ಬಡಿಸಿರಲಿಲ್ಲ. ಅವಳು ಹೋಗಿ ಮಜ್ಜಿಗೆ ತಂದು ಬರೀ ಎಲೆಗೆ ಸುರಿದಳು, ಬೇಕೆಂದೇ.

ಸೋಮವಾರ ಬೆಳಗ್ಗೆ ಅವನು ಎಂದಿನ ಹಾಗೆ ಕೊಡೆ ಹಿಡಿದು ಹೊರಟ. ಹಿಂದೆ ಚಿಲಕ ಹಾಕಿದ ಸದ್ದಾಯಿತು. ಹಾಗೇ ಹೋಗಬಹುದಿತ್ತು, ಹೋಗಬೇಕಾಗಿತ್ತು. ಆದರೆ ಕಾಲು ಮನೆಯ ಪಕ್ಕದ ಓಣಿಗೆ ತಿರುಗಿತು. ಎಲೆಕ್ಷನ್ನಿನಲ್ಲಿ ಬಳಿದ ಹಸು ಕರುವಿನ ಗುರುತು ಇನ್ನೂ ಮಾಸದ ಗೋಡೆ, ಅದರ ಮಧ್ಯೆ ಅವರ ಕೋಣೆಯ ಕಿಟಕಿ. ಗೋಡೆಗೆ ಬೆನ್ನು ಅಂಟಿಸಿ ಉಸಿರು ಬಿಗಿಹಿಡಿದು ನಿಂತ. ಒಳಗೆ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು, ಹಾಕಿದ ಸದ್ದು. ಬರಿಗಾಲಿನ ನಡಿಗೆ ಕಿಟಕಿಯವರೆಗೆ ಬಂದು ನಿಂತಿತು. ಆಮೇಲೆ ಅವಳ ದನಿ:

‘ಗೋಡೆ ಪಕ್ಕ ನಿಂತಿರೋರು ಸ್ಕೂಲ್ಗೆ ಹೋಗ್ಬೋದು. ಬೆಲ್ ಆಯ್ತು.’

ಅವನು ಸಿಕ್ಕಿಬಿದ್ದ. ಮನೆಯವರ ಎದುರು ಏಣಿ ಇಳಿದಾಗ ಆಗದ ನಾಚಿಕೆ ಈಗ, ಯಾರೂ ಇಲ್ಲದ ಓಣಿಯಲ್ಲಿ, ಕಿವಿಯವರೆಗೆ ಏರಿತು. ಇನ್ನು ಇವಳು ಎಂದೂ ಹೇಳುವುದಿಲ್ಲ, ಎಲ್ಲ ಮುಗಿಯಿತು, ಮುಚ್ಚಿದ ಕದದ ಹಿಂದೆ ಬದುಕಿದ್ದದ್ದನ್ನು ಕೇಳಬೇಕೆಂಬ ಚಪಲಕ್ಕೆ ಕೊಂದುಬಿಟ್ಟೆ ಎಂದುಕೊಂಡ. ಹೋಗಲು ಹೆಜ್ಜೆ ಎತ್ತಿದವನು ಎತ್ತಿದ ಹೆಜ್ಜೆಯನ್ನು ಅಲ್ಲೇ ಇಟ್ಟ. ಗೋಡೆಯನ್ನೇ ನೋಡುತ್ತ, ಗಟ್ಟಿಯಾಗಿ ಅಲ್ಲ, ಪಿಸುದನಿಯೂ ಅಲ್ಲ, ಅಂದ:

‘ಮಂಗಳಗೌರಿ.’

ಒಳಗೆ ಬಳೆ ಸದ್ದಾಗಲಿಲ್ಲ. ಹೆಸರು ತಪ್ಪಾಗಿ ಹೇಳಿದೆನೇನೋ ಎಂಬ ಹಾಗೆ ಅವನಿಗೆ ಹೆದರಿಕೆಯಾಯಿತು. ಆಡಿ ಅಭ್ಯಾಸವಿಲ್ಲದ ನಾಲಿಗೆ. ಓಣಿಯ ಆ ತುದಿಯಲ್ಲಿ ಒಂದು ಎಮ್ಮೆ ಅವನನ್ನೇ ನೋಡುತ್ತಿತ್ತು. ಆಗ ಕಿಟಕಿಯಿಂದ, ನಿದ್ದೆಯಲ್ಲಿ ಅಂದ ಹಾಗೆ, ಬಹಳ ಸಣ್ಣಗೆ ಕೇಳಿಸಿತು:

‘ಓ.’

ಅವನು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೇಕೆಂದೇ ಚಪ್ಪಲಿಯನ್ನು ಟಪಟಪ ಬಡಿಯುತ್ತ, ಒಮ್ಮೆ ಜೋರಾಗಿ ಕೆಮ್ಮಿ, ಎಮ್ಮೆಯನ್ನು ‘ಹಯ್’ ಎಂದು ಗದರಿಸಿ, ಓಣಿಯಿಂದ ಬೀದಿಗೆ ಬಿದ್ದು, ಹೆಚ್ಚು ಕಡಿಮೆ ಓಡುತ್ತಲೇ ಹೊರಟ. ಕಿವಿ ಇನ್ನೂ ಹಿಂದಕ್ಕೇ ಎಳೆಯುತ್ತಿತ್ತು, ಆದರೂ ತಿರುಗಿ ನೋಡಲಿಲ್ಲ. ಬೀದಿಯ ತಿರುವನ್ನು ತಾನು ದಾಟುವವರೆಗೆ ಅವಳು ಬಾಯಿ ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.